ನಾಲ್ಕು ತೂತಿನ ಆಪರೇಷನ್

ಕಂತು ಏಳು

“ಅಲ್ಲೇ ನಿಲ್ಲಿಸಿ,” ಅಂದರು ಡಾಕ್ಟರ್ ಕನಕಲಕ್ಷ್ಮಿ.

ಸರ್ಕಲ್ ಇನ್‌ಸ್ಪೆಕ್ಟರ್ ಮಂಚಯ್ಯ ವಿ.ಸಿ.ಆರ್.ನ ಗುಂಡಿ ಒತ್ತಿದ. ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಕುಟುಂಬ ಯೋಜನೆಯ ಸಿನಿಮಾ ತೋರಿಸಲು ಇಟ್ಟುಕೊಂಡಿದ್ದ ಟಿವಿ ಅದು. ಈಗ ಅದರ ಪರದೆಯ ತುಂಬ ಯಾರದೋ ಹೊಟ್ಟೆಯ ಒಳಭಾಗ ನಡುಗುತ್ತ ನಿಂತಿತ್ತು. ಕಂದುಗೆಂಪು ಯಕೃತ್ತು, ಅದರಡಿಗೆ ಎಳೆ ಬದನೆಕಾಯಿಯ ಹಾಗೆ ಜೋತುಬಿದ್ದ ಪಿತ್ತಕೋಶ, ಅದನ್ನು ಕಚ್ಚಿ ಹಿಡಿದ ಸಣ್ಣ ಇಕ್ಕಳ.

ಕನಕಲಕ್ಷ್ಮಿ ಪೆನ್ನಿನ ತುದಿಯನ್ನು ಗಾಜಿಗೆ ತಾಗಿಸಿದರು. “ನೋಡಿ ಇನ್‌ಸ್ಪೆಕ್ಟರೇ, ಇದು ಪಿತ್ತಕೋಶದ ಕೊಳವೆ. ಇದು ಅದಕ್ಕೆ ರಕ್ತ ಕೊಡೋ ನಾಳ. ಸುತ್ತಲಿನ ಕೊಬ್ಬನ್ನೆಲ್ಲ ಬಿಡಿಸಿ, ಈ ಎರಡು ಬಿಟ್ಟು ಇನ್ನೇನೂ ಅಂಟಿಕೊಂಡಿಲ್ಲ ಅಂತ ಕಣ್ಣಾರೆ ಕಂಡ ಮೇಲೇ ಕ್ಲಿಪ್ ಹಾಕಿ ಕತ್ತರಿಸ್ಬೇಕು. ಇವರು ಹಾಗೇ ಮಾಡಿದಾರೆ. ಕಲಿಯೋರಿಗೆ ತೋರಿಸೋ ಹಾಗಿದೆ.”

“ಹಾಗಾದ್ರೆ ಆಯಮ್ಮನ ಪಿತ್ತನಾಳ ತುಂಡಾಗಿದ್ದು ಹೇಗೆ ಮೇಡಂ? ಪೋಸ್ಟ್‌ಮಾರ್ಟಂ ಮಾಡಿದೋರು ನೀವೇ.”

“ಅದೇ ನನಗೂ ಅರ್ಥವಾಗ್ತಿಲ್ಲ.”

ದಂಡಿಗನಹಳ್ಳಿಯ ನೀಲಗಂಗಮ್ಮ, ವಯಸ್ಸು ನಲವತ್ತನಾಲ್ಕು. ಮೂರು ವಾರದ ಹಿಂದೆ ಗುರುವಾರ ಸಾಲಗಾಮೆ ರಸ್ತೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಕಲ್ಲಿಗೆ, ಹೊಟ್ಟೆ ಕೊಯ್ಯದೆ ನಾಲ್ಕು ಸಣ್ಣ ತೂತಿನಿಂದ ಕ್ಯಾಮೆರಾ, ಇಕ್ಕಳ ಇಳಿಸಿ ಮಾಡುವ ತೂತಿನ ಆಪರೇಷನ್ ಆಗಿತ್ತು. ಮೂರನೇ ದಿನ ಮನೆಗೆ ಕಳಿಸಿದರು. ಹೊಟ್ಟೆ ಉಬ್ಬಿದಾಗ ಗ್ಯಾಸು ಅಂದರು. ಆರನೇ ದಿನ ಹೆಂಗಸು ತೀರಿಕೊಂಡಳು. ಗಂಡ ಪುಟ್ಟಸ್ವಾಮಿ ಮಣ್ಣು ಮಾಡಲು ಒಪ್ಪದೆ, ಬಂಧುಗಳ ಬೈಗುಳಕ್ಕೆ ಕಿವಿಗೊಡದೆ, ಹೆಣವನ್ನು ಸೀದಾ ಸರ್ಕಾರಿ ಆಸ್ಪತ್ರೆಗೆ ತಂದಿದ್ದ. ಹೊಟ್ಟೆಯ ತುಂಬ ಪಿತ್ತ ತುಂಬಿತ್ತು. ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ನಾಳವೇ ಕತ್ತರಿಸಿಹೋಗಿತ್ತು.

ನರ್ಸಿಂಗ್ ಹೋಮಿನವರು ಕೇಳುವ ಮೊದಲೇ ಈ ಟೇಪು ಕಳಿಸಿಕೊಟ್ಟಿದ್ದರು. ನೋಡಿಕೊಳ್ಳಿ, ನಮ್ಮ ಕಡೆಯಿಂದ ತಪ್ಪಾಗಿಲ್ಲ ಅಂತ.

ಮಂಚಯ್ಯನ ಕೈ ತನಗೇ ತಿಳಿಯದೆ ಬಲಪಕ್ಕೆಯ ಕೆಳಗೆ ಹೋಗಿತ್ತು. ಅವನಿಗೂ ಕಲ್ಲಿತ್ತು. ಎಂಟು ತಿಂಗಳಿಂದ ಕರಿದ ತಿಂಡಿ ಕಂಡರೆ ಹೆದರಿಕೆ. ಆಪರೇಷನ್ ಮಾಡಿಸಿಕೊಳ್ಳಿ ಅಂತ ಇದೇ ಕನಕಲಕ್ಷ್ಮಿ ಎರಡು ಸಲ ಹೇಳಿದ್ದರು. ಈ ಕೇಸು ಕೈಗೆ ಬಂದ ಮೇಲಂತೂ ಆ ಮಾತೇ ಬೇಡ ಅಂತ ತೀರ್ಮಾನಿಸಿಬಿಟ್ಟಿದ್ದ.

“ಒಂದು ಮಾತು ಕೇಳ್ತೀನಿ ಮೇಡಂ. ಈ ತೂತಿನ ಆಪರೇಷನ್ನೇ ಬೇಡ ಅನ್ನಿಸಲ್ವಾ ನಿಮಗೆ?”

“ಯಾಕೆ ಬೇಡ? ನೋವು ಕಮ್ಮಿ. ಗಾಯ ಕೀವಾಗೋದು ಕಮ್ಮಿ. ವಾರದೊಳಗೆ ಎದ್ದು ಓಡಾಡ್ತಾರೆ. ಆದ್ರೆ ಕೈ ಪಳಗಿರ್ಬೇಕು. ನಾನು ಕಲಿಯೋವಾಗ ಮೊದಲ ಇಪ್ಪತ್ತೈದು ಕೇಸಲ್ಲಿ ನಮ್ಮ ಮೇಷ್ಟ್ರು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಅದರಲ್ಲಿ ನಾಲ್ಕು ಕೇಸು ಒಳಗೆ ಏನೂ ಸರಿಯಾಗಿ ಕಾಣದೆ ಅರ್ಧಕ್ಕೇ ನಿಲ್ಲಿಸಿ ಹೊಟ್ಟೆ ಕೊಯ್ದ್ವಿ. ಆ ನಾಲ್ಕೂ ಜನ ಚೆನ್ನಾಗಿದಾರೆ. ಒಬ್ಬರು ಈಗಲೂ ವರ್ಷಕ್ಕೊಂದ್ಸಲ ಅವರೆಕಾಯಿ ತಂದುಕೊಡ್ತಾರೆ. ಕೊಯ್ಯೋದು ಸೋಲು ಅಂತ ತಿಳ್ಕೊಂಡ ಡಾಕ್ಟರ ಕೈಗೆ ಮಾತ್ರ ಸಿಕ್ಕಬೇಡಿ.”

ಅವರು ಮುಂದಕ್ಕೆ ಎಂದು ಕೈಸನ್ನೆ ಮಾಡಿದರು. ಟೇಪು ಮುಂದೆ ಓಡಿತು.

ಕ್ಲಿಪ್ಪು ಬಿತ್ತು. ಕತ್ತರಿ ಆಡಿತು. ಪಿತ್ತಕೋಶ ಬಿಡಿಸಿಕೊಂಡು, ಹೊಕ್ಕುಳ ಹತ್ತಿರದ ತೂತಿನಿಂದ ಸರಾಗವಾಗಿ ಹೊರಗೆ ಬಂತು. ಆಮೇಲೆ ಕ್ಯಾಮೆರಾ ಹೊರಗಿನ ಸ್ಟೀಲ್ ಬೋಗುಣಿಯತ್ತ ತಿರುಗಿತು. ಕೈಗವಸು ತೊಟ್ಟ ಕೈಯೊಂದು ಪಿತ್ತಕೋಶವನ್ನು ಸೀಳಿತು. ಒಳಗಿಂದ ಕಲ್ಲುಗಳು ಉದುರಿದವು. ಒಂದಲ್ಲ, ಎರಡಲ್ಲ. ರಾಗಿ ಚೆಲ್ಲಿದ ಹಾಗೆ ಬೋಗುಣಿಯ ತಳ ಕಪ್ಪಾಯಿತು.

ಮಂಚಯ್ಯ ಕುರ್ಚಿಯಿಂದ ಎದ್ದ.

“ಏನಾಯ್ತು?”

“ಒಂದು ನಿಮಿಷ ಮೇಡಂ.”

ಹೊರಗೆ ಬೆಂಚಿನ ಮೇಲೆ ಪುಟ್ಟಸ್ವಾಮಿ ಕೂತಿದ್ದ. ಇವತ್ತು ಇನ್ನೊಂದು ಹೇಳಿಕೆ ತೆಗೆದುಕೊಳ್ಳಬೇಕೆಂದು ಮಂಚಯ್ಯನೇ ಅವನನ್ನು ಬರಹೇಳಿದ್ದ. ಐವತ್ತರ ಗಟ್ಟಿ ಆಳು. ಮೂರು ವಾರದಲ್ಲಿ ಅಂಗಿ ಅವನ ಮೈಮೇಲೆ ದೊಡ್ಡದಾಗಿತ್ತು.

“ಪುಟ್ಟಸ್ವಾಮಿ, ಆ ಡಬ್ಬಿ ತಂದಿದೀಯಾ?”

“ಅದ್ನ ಬುಟ್ಟು ಎಲ್ಲೋಗಾನ ಸಾ?” ಅಂತ ಅವನು ಒಳಜೇಬಿನಿಂದ ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ತೆಗೆದ.

ಆಪರೇಷನ್ ಆದವರ ಮನೆಯವರಿಗೆ ಕಲ್ಲನ್ನು ತೊಳೆದು ಡಬ್ಬಿಯಲ್ಲಿ ಹಾಕಿಕೊಡುವುದು ಎಲ್ಲ ಕಡೆಯ ರೂಢಿ. ಈ ಡಬ್ಬಿಯಲ್ಲಿದ್ದದ್ದು ಒಂದೇ ಕಲ್ಲು. ಹಳದಿಗಂದು ಬಣ್ಣ, ಅಡಿಕೆಯಷ್ಟು ದಪ್ಪ.

“ಇದೊಂದೇನಾ ಕೊಟ್ಟಿದ್ದು?”

“ಇದೊಂದೇ ಸಾ. ನನ್ ಎದ್ರುಗೇ ತೊಳ್ದು ಆಕಿ ಕೊಟ್ರು.”

ಕನಕಲಕ್ಷ್ಮಿ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಫೈಲು ಬಿಚ್ಚಿ ಆಪರೇಷನ್ನಿಗೆ ಮುಂಚಿನ ಸ್ಕ್ಯಾನಿಂಗ್ ವರದಿ ತೆಗೆದರು. ಒಂದೇ ಕಲ್ಲು, ಇಪ್ಪತ್ತೆರಡು ಮಿಲಿಮೀಟರ್. ಆಮೇಲೆ ತಮ್ಮದೇ ಪೋಸ್ಟ್‌ಮಾರ್ಟಂ ವರದಿಯ ಹಾಳೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಹೊಕ್ಕುಳ ಹತ್ರದ ಗಾಯ ಒಂದೂವರೆ ಅಂಗುಲ. ನಾನೇ ಬರೆದಿದೀನಿ, ನೋಡಿ. ಇಷ್ಟು ದಪ್ಪದ ಕಲ್ಲು ಹೊರಗೆ ಬರೋದಕ್ಕೆ ತೂತನ್ನು ಹಿಗ್ಗಿಸಲೇಬೇಕು, ಹಿಗ್ಗಿಸಿದಾರೆ. ಟೇಪಿನಲ್ಲಿ ತೂತು ಹಿಗ್ಗಿಸದೆಯೇ ಪಿತ್ತಕೋಶ ಸಲೀಸಾಗಿ ಬಂತು.”

“ಅಂದ್ರೆ?”

“ಈ ಹೊಟ್ಟೆ ನೀಲಗಂಗಮ್ಮನದಲ್ಲ.”

ಪುಟ್ಟಸ್ವಾಮಿ ಟಿವಿಯನ್ನೂ ಇವರಿಬ್ಬರನ್ನೂ ನೋಡಿದ. ಅವನಿಗೆ ಪೂರ್ತಿ ತಿಳಿಯಲಿಲ್ಲ. “ಈ ಟಿವಿ ಅಂಗೇ ಅಲ್ಲೂ ಒಂದಿತ್ತು ಸಾ,” ಅಂದ.

“ಎಲ್ಲಿ?”

“ಆಪ್ರೇಸನ್ ರೂಮ್‌ನಿಂದಾಚೆ. ಅವ್ಳನ್ನ ಒಳೀಕೆ ಕರ್ಕಂಡೋದ್ಮೇಲೆ ನನ್ನ ಅದ್ರ ಮುಂದೆ ಕುಂಡ್ರಿಸುದ್ರು. ಒಳಗೆ ಮಾಡದೆಲ್ಲ ಇಲ್ಲಿ ಕಾಣ್ತದೆ, ಮುಚ್ಚುಮರೆ ಏನಿಲ್ಲ ಅಂದ್ರು ಸಿಸ್ಟ್ರಮ್ಮ.”

ಮಂಚಯ್ಯ ಸ್ಟೂಲು ಎಳೆದುಕೊಂಡು ಅವನ ಎದುರು ಕೂತ. ಇವನ ಮೊದಲ ಹೇಳಿಕೆ ಬರೆದುಕೊಂಡವರು ಅವನ ದುಃಖ ಬರೆದಿದ್ದರು, ಅವನ ಕಣ್ಣಿಗೆ ಬಿದ್ದದ್ದನ್ನು ಕೇಳಿರಲಿಲ್ಲ.

“ನೀನೇನೇನ್ ಕಂಡೆ, ನಿಧಾನಕ್ಕೆ ಏಳು.”

“ಏನೋ ಇಕ್ಳ ಆಡ್ತಿತ್ತು, ಒಗೆ ಬತ್ತಿತ್ತು. ಬಾಳ ಒತ್ತು ಅಂಗೇ ನಡೀತು. ಒಂದ್ಸಲ ಬುಳುಕ್ ಅಂತ ಅಳದಿ ನೀರು ಬಂತು ಸಾ, ಅರಿಶ್ಣ ಕದಡ್ದಂಗೆ. ಇಕ್ಳ ಅಲ್ಲೇ ನಿಂತೋಯ್ತು. ಅಷ್ಟ್ರಲ್ಲಿ ಟಿವಿನೇ ಆರೋಯ್ತು. ಸಿಸ್ಟ್ರಮ್ಮ ಆಚಿಕ್ ಬಂದು, ಕರೆಂಟೋಯ್ತು ಅಂದ್ರು.”

“ಓಗಿತ್ತಾ?”

“ಎಲ್ಲೋಯ್ತು ಸಾ? ತಲೆ ಮ್ಯಾಲೆ ಫ್ಯಾನು ತಿರುಗ್ತಾನೇ ಇತ್ತು.”

ಕನಕಲಕ್ಷ್ಮಿ ಮಂಚಯ್ಯನ ಕಡೆ ನೋಡಿದರು. ಹಳದಿ ನೀರು ಅಂದರೆ ಪಿತ್ತ ಎಂದು ಅವರು ವಿವರಿಸಬೇಕಾಗಿರಲಿಲ್ಲ.

“ಆಮೇಲೆ ಡಾಕ್ಟ್ರು ಎಷ್ಟೊತ್ತಿಗೆ ಆಚೆ ಬಂದ್ರು?” ಅಂದ ಮಂಚಯ್ಯ.

ಪುಟ್ಟಸ್ವಾಮಿಯ ಹುಬ್ಬು ಗಂಟಾಯಿತು. “ಆಚೆ ಬರಾದಿರ್ಲಿ ಸಾ. ಅವ್ರು ಒಳೀಕೆ ಓಗಿದ್ದೇ ಆಮೇಲೆ.”

ಮಂಚಯ್ಯ ಸ್ಟೂಲನ್ನು ಇನ್ನೂ ಹತ್ತಿರ ಎಳೆದ.

“ಇನ್ನೊಂದ್ಸಲ ಏಳಪ್ಪಾ.”

“ಟಿವಿ ಆರಿ ಕಾಲ್ ಗಂಟೆ ಆಗಿತ್ತು. ಅನ್ನೊಂದ್ ಗಂಟೆ ಒಡ್ದಿತ್ತು. ಕಾರ್ ಬಂದು ನಿಂತ್ಕತು. ಡಾಕ್ಟ್ರು ಓಡಿ ಬಂದ್ರು. ಹಿರೀಸಾವೆ ತಾವ ಲಾರಿ ಮಗುಚ್ಕಂಡಿತ್ತು ಅಂತ ಸಿಸ್ಟ್ರಮ್ಮುಂಗೆ ಅಂತಿದ್ರು. ಅವುಸ್ರುದಲ್ಲಿ ಬಾಗ್ಲು ಮುಂದಿದ್ದ ಬೂಟ್ ಎಡವಿ ಬೀಳಂಗಾದ್ರು.”

“ಇದನ್ನ ಯಾಕಪ್ಪಾ ಮೊದ್ಲೇ ಏಳ್ಲಿಲ್ಲ?”

“ನೀವು ಕೇಳ್ನಿಲ್ಲ ಸಾ. ಸಣ್ಣಪುಟ್ಟ ಕೆಲ್ಸ ಬೇರೆಯೋರು ಮಾಡಿ, ದೊಡ್ ಡಾಕ್ಟ್ರು ಕಡೇಗೆ ಬತ್ತಾರೇನೋ ಅಂದ್ಕಂಡೆ. ಮದ್ವೇಲಿ ಐನೋರು ಮೂರ್ತುಕ್ ಸರ್ಯಾಗಿ ಬರಲ್ವಾ, ಅಂಗೆ.”

“ಬಾಗಿಲ ಮುಂದೆ ಯಾರ ಬೂಟು ಇತ್ತು?”

“ಕಾಣೆ ಸಾ. ಎಲ್ಡ್ ಜೊತೆ ಎಣ್ಮಕ್ಕಳ ಚಪ್ಲಿ ಇದ್ವು. ಪಕ್ದಲ್ಲಿ ಒಂದ್ ಜೊತೆ ಗಂಡುಸ್ರು ಬೂಟು. ಬೆಳ್ಳುಗೆ, ಓಡಾಕೆ ಆಕ್ಕಂತಾರಲ್ಲ, ಅಂಥವು. ಡಾಕ್ಟ್ರು ತಮ್ ಬೂಟ್ನ ಅದ್ರ ಪಕ್ದಲ್ಲೇ ಬಿಚ್ಚಿ ಓದ್ರು.”

ಮಂಚಯ್ಯ ಥಿಯೇಟರ್ ರಿಜಿಸ್ಟರಿನ ನಕಲು ತೆಗೆದು ನೋಡಿದ. ಆಪರೇಷನ್ ಶುರುವಾದದ್ದು ಒಂಬತ್ತು ನಲವತ್ತಕ್ಕೆ. ಒಳಗಿದ್ದವರು ಮೂರು ಜನ. ಸರ್ಜನ್ ಪ್ರದ್ಯುಮ್ನ, ಅರಿವಳಿಕೆ ಕೊಟ್ಟ ಡಾಕ್ಟರ್ ಶರ್ವಾಣಿ, ಸಿಸ್ಟರ್ ಪ್ರೇಮಕುಮಾರಿ. ಇಬ್ಬರು ಹೆಂಗಸರು, ಎರಡು ಜೊತೆ ಚಪ್ಪಲಿ. ಪ್ರದ್ಯುಮ್ನ ಬರುವ ಮುಂಚೆಯೇ ಅಲ್ಲಿ ಬಿಳಿ ಬೂಟು ಬಿಚ್ಚಿಟ್ಟ ಗಂಡಸಿಗೆ ಈ ಪುಸ್ತಕದಲ್ಲಿ ಹೆಸರೇ ಇರಲಿಲ್ಲ.

ಠಾಣೆಗೆ ಬಂದವನೇ ಮಂಚಯ್ಯ ಮಾಡಿದ ಮೊದಲ ಕೆಲಸ ಹಿರೀಸಾವೆಯ ಪೊಲೀಸರಿಗೆ ಫೋನು. ಅವರು ಡೈರಿ ನೋಡಿ ಹೇಳಿದರು. ಆ ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ ಹೆದ್ದಾರಿಯಲ್ಲಿ ತೆಂಗಿನಕಾಯಿ ಲಾರಿ ಮಗುಚಿತ್ತು. ಎರಡೂ ಕಡೆ ಬಸ್ಸು ಕಾರು ಎಲ್ಲ ನಿಂತಿದ್ದವು. ದಾರಿ ಬಿಡಿಸಿದಾಗ ಹತ್ತು ಗಂಟೆಗೆ ಹತ್ತು ನಿಮಿಷ ಇತ್ತು.

ಹಿರೀಸಾವೆಯಿಂದ ಹಾಸನಕ್ಕೆ ಎಷ್ಟೇ ಓಡಿಸಿದರೂ ಒಂದು ಗಂಟೆಯ ಮೇಲೇ ದಾರಿ.

ಡಾಕ್ಟರ್ ಪ್ರದ್ಯುಮ್ನ ಹತ್ತೂವರೆಯಿಂದ ಠಾಣೆಯಲ್ಲೇ ಕಾಯುತ್ತಿದ್ದ. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮೇಷ್ಟರ ಮಗ, ಮೂವತ್ತನಾಲ್ಕು ವಯಸ್ಸು, ಇಸ್ತ್ರಿ ಮಾಡಿದ ತುಂಬುತೋಳಿನ ಷರಟು. ಮೂರು ಸಲ ವಿಚಾರಣೆಗೆ ಕರೆದಾಗಲೂ ಒಂದು ನಿಮಿಷ ತಡ ಮಾಡದೆ ಬಂದವನು. ತಪ್ಪು ಮಾಡಿದವನಿಗೆ ಇಷ್ಟು ಶಿಸ್ತು ಇರುತ್ತದೆಯೇ ಅಂತ ಮಂಚಯ್ಯನಿಗೇ ಒಮ್ಮೆ ಅನ್ನಿಸಿತ್ತು.

ಮಂಚಯ್ಯ ಟೇಪನ್ನು ಮೇಜಿನ ಮೇಲಿಟ್ಟ.

“ಡಾಕ್ಟ್ರೇ, ಇದು ಯಾರದು?”

“ನೀಲಗಂಗಮ್ಮನವರದ್ದು. ಬರೆದುಕೊಟ್ಟಿದೀನಲ್ಲ.”

ಮಂಚಯ್ಯ ಟೇಪಿನ ಪಕ್ಕಕ್ಕೆ ಡಬ್ಬಿ ಇಟ್ಟ. ಒಳಗಿನ ಕಲ್ಲು ಟಕ್ ಅಂತು. ಪ್ರದ್ಯುಮ್ನ ಒಮ್ಮೆ ಅದನ್ನು ನೋಡಿ ಕಣ್ಣು ತೆಗೆದ.

“ಟೇಪಿನಲ್ಲಿ ರಾಗಿಯಷ್ಟು ರಾಗಿಯಷ್ಟು ಕಲ್ಲು ನೂರಾರಿದ್ವು. ಆಯಮ್ಮನ ಹೊಟ್ಟೇಲಿದ್ದದ್ದು ಇದೊಂದೇ.”

“ಲೇಬಲ್ ಅದಲುಬದಲಾಗಿರಬಹುದು ಸಾರ್. ನರ್ಸಿಂಗ್ ಹೋಮಿನವರು...”

“ಆಗಿರಬಹುದು. ಹಿರೀಸಾವೆ ಲಾರಿನೂ ಅದಲುಬದಲಾಯ್ತಾ?”

ಮಂಚಯ್ಯ ರಿಜಿಸ್ಟರಿನ ನಕಲನ್ನು ಅವನತ್ತ ಸರಿಸಿದ.

“ಒಂಬತ್ತು ನಲವತ್ತಕ್ಕೆ ನೀವು ಕತ್ತಿ ಹಿಡಿದಿರಿ ಅಂತ ರಿಜಿಸ್ಟರ್ ಹೇಳುತ್ತೆ. ಆ ಹೊತ್ತಿಗೆ ನಿಮ್ಮ ಕಾರು ಹಿರೀಸಾವೇಲಿ ತೆಂಗಿನಕಾಯಿ ರಾಶಿ ಹಿಂದೆ ನಿಂತಿತ್ತು. ನೀವು ಓಡಿಬಂದಾಗ ಥಿಯೇಟರ್ ಬಾಗಿಲಲ್ಲಿ ಒಂದು ಜೊತೆ ಬಿಳಿ ಬೂಟು ಎಡವಿದಿರಿ. ಅದು ಯಾರದು?”

ಹೊರಗೆ ಯಾರೋ ಜೀಪು ತೊಳೆಯುತ್ತಿದ್ದರು. ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಮಂಚಯ್ಯ ಅವಸರ ಮಾಡಲಿಲ್ಲ.

“ಕೇದಾರ್‌ದು,” ಅಂದ ಪ್ರದ್ಯುಮ್ನ.

“ಕೇದಾರ್ ಅಂದ್ರೆ?”

“ಮಿಷಿನ್ ಅವನದು. ನಮ್ಮೂರುಗಳ ನರ್ಸಿಂಗ್ ಹೋಮುಗಳಲ್ಲಿ ಈ ತೂತಿನ ಆಪರೇಷನ್ನಿನ ಲ್ಯಾಪ್ರೋಸ್ಕೋಪಿ ಮಿಷಿನ್ ಎಲ್ಲಿದೆ ಸಾರ್? ಅವನೇ ವ್ಯಾನಿನಲ್ಲಿ ತರ್ತಾನೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಇಲ್ಲಿ. ಜೋಡಿಸ್ತಾನೆ, ಕ್ಯಾಮೆರಾ ಹಿಡೀತಾನೆ, ಟೇಪು ಮಾಡ್ತಾನೆ.”

“ಡಾಕ್ಟರಾ?”

“ಅಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ.”

ಮಂಚಯ್ಯ ಪೆನ್ನು ತೆಗೆದು ಬಿಳಿ ಹಾಳೆ ಎಳೆದುಕೊಂಡ.

“ಪೂರ್ತಿ ಹೇಳಿ.”

“ಅವತ್ತು ಬೆಂಗಳೂರಿಂದ ಬರ್ತಿದ್ದೆ. ಹಿರೀಸಾವೆ ಹೋಟೆಲಿನ ಎಸ್.ಟಿ.ಡಿ. ಬೂತಿಂದ ಫೋನ್ ಮಾಡಿದೆ. ಆಗ ಒಂಬತ್ತು ಗಂಟೆ. ಡಾಕ್ಟರ್ ಶರ್ವಾಣಿ, ಅರಿವಳಿಕೆ ಕೊಡಲಾ ಅಂತ ಕೇಳಿದರು. ಕೊಡಿ, ನಾನು ಚನ್ನರಾಯಪಟ್ಟಣ ದಾಟಿದೀನಿ ಅಂತ ಸುಳ್ಳು ಹೇಳಿದೆ. ದಾರಿ ಈಗ ಬಿಡುತ್ತೆ, ಆಗ ಬಿಡುತ್ತೆ ಅಂದ್ಕೊಂಡಿದ್ದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಮಾಡಿದಾಗ ಕೇದಾರ್ ಎತ್ತಿದ. ಪೇಷೆಂಟ್ ಮಲಗಿದಾರೆ, ನಾನು ತೂತು ಹಾಕಿ ಕ್ಯಾಮೆರಾ ಇಳಿಸಿ ಇಟ್ಟಿರ್ತೀನಿ, ನೀವು ಬಂದು ಮುಂದುವರಿಸಿ ಅಂದ. ನಾನು ಹೂಂ ಅಂದೆ.”

“ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ.”

“ಇಲ್ಲ.”

“ಯಾಕೆ ನಿಲ್ಲಿಸ್ತಾನೆ? ಅದಕ್ಕೆ ಮುಂಚೆ ಎಷ್ಟು ಸಲ ನೀವೇ ಅವನ ಕೈಗೆ ಇಕ್ಕಳ ಕೊಟ್ಟಿದೀರಿ?”

ಪ್ರದ್ಯುಮ್ನ ತಲೆ ತಗ್ಗಿಸಿದ. “ಅವನ ಕೈ ಚೆನ್ನಾಗಿತ್ತು ಸಾರ್. ಇನ್ನೂರು ಮುನ್ನೂರು ಆಪರೇಷನ್ ಪಕ್ಕದಲ್ಲಿ ನಿಂತು ನೋಡಿದಾನೆ. ಸುಲಭದ ಕೇಸಿದ್ದಾಗ ಒಂದೆರಡು ಸಲ... ಆಮೇಲೆ ಅದು ಅಭ್ಯಾಸವಾಗಿಹೋಯ್ತು.”

“ನೀವು ಒಳಗೆ ಹೋದಾಗ ಏನು ಕಂಡಿರಿ?”

“ಮುಖ್ಯ ನಾಳವನ್ನೇ ಪಿತ್ತಕೋಶದ ಕೊಳವೆ ಅಂದ್ಕೊಂಡು ಕತ್ತರಿಸಿದ್ದ. ಪಿತ್ತ ಸುರೀತಿತ್ತು.”

“ನಿಮಗೆ ಗೊತ್ತಾಯ್ತು.”

“ನೋಡಿದ ಕೂಡಲೇ.”

“ಆಗ ಹೊಟ್ಟೆ ಕೊಯ್ದಿದ್ರೆ?”

ಈ ಪ್ರಶ್ನೆ ಬರುತ್ತದೆ ಅಂತ ಅವನು ಮೂರು ವಾರದಿಂದ ಕಾಯುತ್ತಿದ್ದನೇನೋ. ಉತ್ತರ ಮೆಲ್ಲಗೆ ಬಂತು, ಆದರೆ ತಡವರಿಸಲಿಲ್ಲ.

“ಬದುಕ್ತಿದ್ದರು. ಕೊಯ್ಯೋದೂ ಬೇಡ, ಒಂದು ಕೊಳವೆ ಇಟ್ಟು ಪಿತ್ತ ಹೊರಗೆ ಹರಿಯೋ ಹಾಗೆ ಮಾಡಿ ಅವತ್ತೇ ಬೆಂಗಳೂರಿಗೆ ಕಳಿಸಿದ್ದರೂ ಬದುಕ್ತಿದ್ದರು.”

“ಯಾಕೆ ಮಾಡಲಿಲ್ಲ?”

“ನೂರ ಹತ್ತು ಕೇಸು, ಒಂದನ್ನೂ ಕೊಯ್ದಿಲ್ಲ ಅಂತ ಎಲ್ಲ ಕಡೆ ಹೇಳ್ಕೊಂಡು ಬಂದಿದ್ದೆ ಸಾರ್. ಹೊರಗೆ ಬೋರ್ಡ್ ಹಾಕಿದ್ರು, ಮೂರೇ ದಿನಕ್ಕೆ ಮನೆಗೆ ಅಂತ. ಈಗ ಕೊಯ್ದರೆ ಯಾಕೆ ಅಂತ ಕೇಳ್ತಾರೆ. ಯಾರು ಕೈ ಹಾಕಿದ್ದು ಅಂತ ಕೇಳ್ತಾರೆ. ನಾಳದ ತುದಿಗೆ ಕ್ಲಿಪ್ ಹಾಕಿದೆ. ಪಿತ್ತ ಸೋರೋದು ನಿಲ್ಲಬಹುದು ಅಂದ್ಕೊಂಡೆ. ಕೊಳವೆ ಇಟ್ಟಿದ್ರೆ ಅವರ ಮನೆಯವರು ನೋಡ್ತಿದ್ರಲ್ಲ, ಅದಕ್ಕೆ ಅದನ್ನೂ ಇಡಲಿಲ್ಲ.”

ಮಂಚಯ್ಯ ಕಿಟಕಿಯಾಚೆ ನೋಡಿದ. ಪುಟ್ಟಸ್ವಾಮಿ ಠಾಣೆಯ ಅಂಗಳದಲ್ಲಿ ಹೊಂಗೆ ಮರದ ನೆರಳಿಗೆ ಕೂತು ಹೆಡ್ ಕಾನ್‌ಸ್ಟೆಬಲ್ ಈಶ್ವರಯ್ಯ ತಂದುಕೊಟ್ಟ ಟೀ ಕುಡಿಯುತ್ತಿದ್ದ. ತನ್ನ ಹೆಂಡತಿ ಒಬ್ಬನ ಕೈಯಲ್ಲಿ ಸಾಯಲಿಲ್ಲ, ಇಬ್ಬರ ಕೈಯಲ್ಲಿ ಸತ್ತಳು ಅಂತ ಅವನಿಗೆ ಹೇಳಬೇಕಾದವನು ತಾನೇ. ಹೇಗೆ ಹೇಳುವುದೆಂದು ಮಂಚಯ್ಯನಿಗೆ ಹೊಳೆಯಲಿಲ್ಲ.

“ಅವತ್ತಿನ ನಿಜವಾದ ಟೇಪು ಎಲ್ಲಿದೆ?”

“ಕೇದಾರ್ ಹತ್ರ. ಅವತ್ತೇ ಬ್ಯಾಗಿಗೆ ಹಾಕ್ಕೊಂಡ. ಬೇರೆ ಪೇಷೆಂಟಿನ ಈ ಟೇಪು ಹುಡುಕಿ ಕೊಟ್ಟೋನೂ ಅವನೇ. ಡಾಕ್ಟ್ರೇ, ನನ್ನ ಹೆಸರು ಆಚೆ ಬಂದ್ರೆ ನಿಮ್ಮದೂ ಬರುತ್ತೆ ಅಂದ.”

“ಅವನೀಗ ಎಲ್ಲಿದಾನೆ?”

“ಅರಕಲಗೂಡಿನಲ್ಲಿ. ಹೊಸದಾಗಿ ತೆರೆದ ನರ್ಸಿಂಗ್ ಹೋಮು, ಇವತ್ತೇ ಮೊದಲ ಸಲ. ಎರಡು ಕೇಸು ಇಟ್ಕೊಂಡಿದ್ವಿ. ನೀವು ಬರಹೇಳಿದ ಮೇಲೆ, ಇವತ್ತು ಆಗಲ್ಲ, ಮುಂದಕ್ಕೆ ಹಾಕಿಸು ಅಂತ ನಿನ್ನೆಯೇ ಅವನಿಗೆ ಹೇಳಿದೀನಿ.”

“ಅವನಿಗೆ ಹೇಳಿದಿರಿ. ನರ್ಸಿಂಗ್ ಹೋಮಿನವರಿಗೆ?”

“ಅವರ ಜೊತೆ ಮಾತುಕತೆ ಎಲ್ಲ ಕೇದಾರ್‌ದೇ. ನಾನಿನ್ನೂ ಅವರನ್ನ ನೋಡೇ ಇಲ್ಲ.”

ಮಾತು ಮುಗಿಯುವ ಮೊದಲೇ ಪ್ರದ್ಯುಮ್ನನ ಮುಖದ ಬಣ್ಣ ಬದಲಾಯಿತು. ಮಂಚಯ್ಯ ಆಗಲೇ ಫೋನು ಎಳೆದುಕೊಂಡಿದ್ದ.

“ನಂಬರ್?”

ಪ್ರದ್ಯುಮ್ನ ಹೇಳಿದ. ಮೊದಲ ಸಲ ಎಂಗೇಜು. ಎರಡನೇ ಸಲ ರಿಂಗಾಯಿತು. ಐದಾರು ಸಲ ಹೊಡೆದುಕೊಂಡ ಮೇಲೆ ಒಬ್ಬಳು ಎತ್ತಿದಳು.

“ಸಿಸ್ಟರ್, ನಾನು ಹಾಸನದಿಂದ ಮಾತಾಡ್ತಿರೋದು, ಸರ್ಕಲ್ ಇನ್‌ಸ್ಪೆಕ್ಟರ್. ಇವತ್ತಿನ ಪಿತ್ತಕೋಶದ ಆಪರೇಷನ್ ಮುಂದಕ್ಕೆ ಹಾಕಿದಾರೆ ತಾನೆ?”

“ಇಲ್ವಲ್ಲ ಸಾರ್, ನಡೀತಿದೆ. ಹೈಸ್ಕೂಲಿನ ಮೇಘಶ್ರೀ ಮೇಡಂದು ಮೊದಲ್ನೇದು. ಅರಿವಳಿಕೆ ಕೊಟ್ಟು ಹತ್ತು ನಿಮಿಷ ಆಯ್ತು.”

“ಆಪರೇಷನ್ ಮಾಡ್ತಿರೋದು ಯಾರು?”

“ಡಾಕ್ಟರ್ ಪ್ರದ್ಯುಮ್ನ ಅವರು ಸಾರ್,” ಅಂದಳು ಸಿಸ್ಟರ್. “ಈಗ ತಾನೆ ಕೈ ತೊಳ್ಕೊಂಡು ಒಳಗೆ ಹೋದ್ರು.”

ಮೇಜಿನ ಆಚೆ ಬದಿಯಲ್ಲಿ ಡಾಕ್ಟರ್ ಪ್ರದ್ಯುಮ್ನ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಂಚಯ್ಯನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದ.